ಅಕ್ಕನ ಮನೆಗೆ ಸುತ್ತುದಾರಿ

ಗೋಲ್ಡನ್, ಬ್ರಿಟಿಷ್ ಕೊಲಂಬಿಯಾ
ಬುಧವಾರ, ಜುಲೈ 14, 1993

ಪ್ರೀತಿಯ ನೆಟ್ಟಿ ಅಕ್ಕಾ,

ಹೇಗಿದ್ದೀಯ? ಕತ್ತಿನ ಗಾಯ ಪೂರ್ತಿ ಒಣಗಿತೇ? ಗಟ್ಟಿ ಪದಾರ್ಥ ನುಂಗಲು ಆಗುತ್ತಿದೆಯೇ, ಇಲ್ಲ ಇನ್ನೂ ಪಕ್ಕದ ಮನೆಯ ಡೋರೀನ್ ತಂದುಕೊಡುವ ಸೂಪಿನ ಮೇಲೆಯೇ ಇದ್ದೀಯಾ? ಅವಳು ಮಾಡುವ ಬೋರ್ಷ್ ಬಗ್ಗೆ ನೀನು ಹೋದ ವರ್ಷ ಹೇಳಿದ್ದು ನೆನಪಿದೆ: "ಬೀಟ್‌ರೂಟ್ ತೊಳೆದ ನೀರು ಕಣೇ ಅದು." ಈಗ ದಿನಾ ಅದನ್ನೇ ಕುಡಿಯುತ್ತಿದ್ದೀಯಲ್ಲ ಎಂದು ನೆನೆದರೆ ನಗು ಬರುತ್ತದೆ, ನಕ್ಕ ಮರುಕ್ಷಣ ನಾಚಿಕೆಯಾಗುತ್ತದೆ. ದಿಂಬು ಎತ್ತರಿಸಿಕೊಂಡು ಮಲಗಬೇಕಂತೆ, ನಿದ್ದೆ ಹತ್ತುತ್ತಿದೆಯೇ? ನಾನು ನಿನ್ನಿಂದ ಎರಡು ಗಂಟೆ ದಾರಿಯ ದೂರದಲ್ಲಿ, ನದಿಯ ಪಕ್ಕದ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕಾಗದದಲ್ಲಿ ಕೇಳುತ್ತಿದ್ದೇನೆ. ಎದ್ದು ಬಂದು ಕಣ್ಣಾರೆ ನೋಡಬಹುದಾದದ್ದಕ್ಕೆ ಅಂಚೆಚೀಟಿ ಅಂಟಿಸುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳಿಕೋ. ಮಾತು ಶುರು ಮಾಡುವುದು ನನಗೆ ಯಾವತ್ತೂ ತಡವೇ, ನಿನಗೆ ಗೊತ್ತಲ್ಲ.

ನಾವು ನಮ್ಮೂರು ಡಾಫಿನ್‌ನಿಂದ ಹೊರಟು ಮೂರು ವಾರವಾಯಿತು. ಜನ ಈ ದಾರಿಯನ್ನು ಹಾಸಿಗೆ, ಒಲೆ ಇರುವ ಇಂಥ ಟ್ರೇಲರನ್ನು ಪಿಕಪ್ ಟ್ರಕ್ಕಿನ ಹಿಂದೆ ಎಳೆದುಕೊಂಡೇ ನಾಲ್ಕು ದಿನದಲ್ಲಿ ಮುಗಿಸುತ್ತಾರೆ. ನನ್ನ ಗಂಡ ಮಹಾಶಯ ಒರೆಸ್ಟ್ ಕೂಡ ಹಾಗೇ ಲೆಕ್ಕ ಹಾಕಿದ್ದ. ಗೋಧಿ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದವನು, ಲೋಡು ಹತ್ತಿಸಿದ ಮೇಲೆ ಗಾಡಿ ನಿಲ್ಲಬಾರದು ಎನ್ನುವ ಜಾತಿ. ನಾನೇ ಅವನ ಕೈಯಿಂದ ನಕ್ಷೆ ಕಿತ್ತುಕೊಂಡು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡೆ. "ನಿನಗೂ ವಯಸ್ಸಾಯ್ತು, ಟ್ರೇಲರಿಗೂ ವಯಸ್ಸಾಯ್ತು. ರಾತ್ರಿ ತಂಗೋ ಜಾಗ ಚೆನ್ನಾಗಿರ್ಬೇಕು, ಹಗಲು ತಾನಾಗೇ ಚೆನ್ನಾಗಿರ್ತದೆ" ಎಂದೆ. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಓಡಿಸಬಾರದು. ಮಧ್ಯಾಹ್ನದ ಕಾಫಿ ಹೊತ್ತಿಗೆ ಜಾಗ ಸೇರಿ ಟ್ರೇಲರನ್ನು ಮಟ್ಟ ಮಾಡಿ ನಿಲ್ಲಿಸಿರಬೇಕು. ಒರೆಸ್ಟ್‌ಗೆ ಕುತ್ತಿಗೆ ಹಿಂದಕ್ಕೆ ತಿರುಗುವುದಿಲ್ಲ, ಆದ್ದರಿಂದ ರಿವರ್ಸ್ ತೆಗೆಯುವ ಕಷ್ಟವಿಲ್ಲದೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವಂಥ ಜಾಗವೇ ಆಗಬೇಕು. ನೀರಿನ ನಲ್ಲಿ, ಕರೆಂಟು, ಪಡುವಣ ಬಿಸಿಲಿಗೆ ಅಡ್ಡ ಒಂದು ಮರ ಇರಬೇಕು. ರೈಲು ಹಳಿ ಹತ್ತಿರ ಇರಬಾರದು. ಎರಡು ದಿನ ಓಡಿದರೆ ಮೂರನೇ ದಿನ ರಜೆ. ನಿನಗೆ ಬರೆದಾಗ ನೀನೂ ಹೊಗಳಿ ಬರೆದೆ. "ಅವಸರ ಮಾಡಬೇಡಿ, ಮೈ ನೋಯಿಸಿಕೊಳ್ಳಬೇಡಿ, ನಾನೆಲ್ಲಿ ಓಡಿ ಹೋಗ್ತೀನಿ?" ಎಂಬ ನಿನ್ನ ಸಾಲನ್ನು ನಾನು ಒರೆಸ್ಟ್‌ಗೆ ಎಷ್ಟು ಸಲ ಓದಿ ಹೇಳಿದೆನೋ. ಅವನು ಹುಬ್ಬು ಗಂಟಿಕ್ಕಿದಾಗಲೆಲ್ಲ ಅದನ್ನೇ ಮುಂದೆ ಹಿಡಿದೆ. ನೀನು ನನ್ನ ಮೇಲಿನ ಕರುಣೆಯಿಂದ ಬರೆದ ಮಾತನ್ನು ನಾನು ಗುರಾಣಿ ಮಾಡಿಕೊಂಡೆ.

ಮೊದಲ ತಂಗುದಾಣ ಫೋಮ್ ಲೇಕ್. ಊರಾಚೆ ಚಿಕ್ಕ ಕ್ಯಾಂಪ್‌ಗ್ರೌಂಡ್, ಹುಲ್ಲು ಆಗಷ್ಟೇ ಕತ್ತರಿಸಿದ್ದರು. ಸಂಜೆ ಒರೆಸ್ಟ್ ಕುರ್ಚಿ ಹಾಕಿಕೊಂಡು ಕೂತಾಗ ನಾನು ಪೆಟ್ರೋಲ್ ಬಂಕಿನ ಪಕ್ಕದ ಫೋನ್ ಡಬ್ಬಿಗೆ ಹೋಗಿ ನಿನಗೆ ಫೋನ್ ಮಾಡಿದೆ. ಗಂಟಲಿನ ಆಪರೇಷನ್‌ನಲ್ಲಿ ನಿನ್ನ ದನಿ ಹೋದ ಮೇಲೆ ಅದೇ ಮೊದಲ ಸಲ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ ಎಂದು ನೀನು ಕಾಗದದಲ್ಲಿ ಬರೆದಿದ್ದೆ. ನೀನು ಫೋನ್ ಎತ್ತಿದ್ದು ಗೊತ್ತಾಯಿತು. "ಅಕ್ಕಾ, ನಾನು ಟಿಲ್ಲಿ" ಎಂದೆ. ಟಕ್ ಎಂದು ಒಂದು ಸದ್ದು. ಅಷ್ಟೇ. ನಿಮ್ಮೂರು ರೆವೆಲ್‌ಸ್ಟೋಕ್‌ನ ಐಸ್‌ಹಾಕಿ ಆಟದ ಅಂಗಳದಲ್ಲಿ ಇಪ್ಪತ್ತೈದು ಚಳಿಗಾಲ ಮೈಕು ಹಿಡಿದವಳು ನೀನು. ಗೋಲು ಹೊಡೆದ ಹುಡುಗನ ಹೆಸರನ್ನು ನೀನು ಎಳೆದು ಕೂಗುವಾಗ ಹೊರಗೆ ಪಾರ್ಕಿಂಗಿನಲ್ಲಿ ನಿಂತವರೂ ಟೋಪಿ ತೆಗೆದು ಬೀಸುತ್ತಿದ್ದರು. ಚಿಕ್ಕಂದಿನಲ್ಲಿ ಅಣ್ಣಂದಿರನ್ನು ಊಟಕ್ಕೆ ಕರೆಯಲು ಅಪ್ಪ ಗಂಟೆ ಬಾರಿಸುತ್ತಿರಲಿಲ್ಲ, ನಿನ್ನ ಕಡೆ ತಿರುಗಿ "ನಾಸ್ತ್ಯಾ, ಒಂದ್ಸಲ ಕರಿ" ಎನ್ನುತ್ತಿದ್ದ, ಮೂರು ಹೊಲದಾಚೆ ಕುದುರೆ ಮೊದಲು ತಿರುಗುತ್ತಿತ್ತು. ಆ ನೀನು ಟಕ್ ಎಂದೆ. ನಾನು "ಅಕ್ಕಾ, ಚಿಲ್ಲರೆ ಮುಗೀತು, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ. ಕೋಟಿನ ಜೇಬಿನ ತುಂಬ ಚಿಲ್ಲರೆ ಇತ್ತು. ವಾಪಸು ನಡೆದು ಬರುವಾಗ ಹೆಜ್ಜೆಹೆಜ್ಜೆಗೂ ಅದು ಝಣಝಣ ಎನ್ನುತ್ತಿತ್ತು.

ಆಮೇಲೆ ನಾನು ಫೋನ್ ಮಾಡಲೇ ಇಲ್ಲ. ನೀನು ಕಾದಿರುತ್ತೀಯ ಎಂದು ಗೊತ್ತಿತ್ತು, ಆದರೂ ಮಾಡಲಿಲ್ಲ.

ಅದಾದ ಮೇಲೆ ಮ್ಯಾನಿಟೂ ಬೀಚ್. ಎರಡು ರಾತ್ರಿ ಎಂದು ಹೋದವರು ಆರು ದಿನ ಇದ್ದೆವು. ಅಲ್ಲಿನ ಕೆರೆ ಎಷ್ಟು ಉಪ್ಪು ಎಂದರೆ ಮುಳುಗಬೇಕೆಂದರೂ ಮುಳುಗಲು ಆಗುವುದಿಲ್ಲ. ನನ್ನ ವಯಸ್ಸಿನ ಹೆಂಗಸರೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು, ಕುದಿಯುವ ನೀರಿನಲ್ಲಿ ಪಿರೋಗಿ ಕಡುಬು ಮೇಲೆದ್ದ ಹಾಗೆ ತೇಲುತ್ತಿದ್ದರು. ನಾನೂ ತೇಲಿದೆ. ಮಂಡಿ ನೋವು ಎಲ್ಲಿ ಹೋಯಿತೋ. ನಕ್ಕೆ ಕೂಡ, ಗಟ್ಟಿಯಾಗಿ. ಆಮೇಲೆ ನೀನು ಇನ್ನು ಹೀಗೆ ನೀರಿಗೆ ಇಳಿಯುವಂತಿಲ್ಲ ಎಂಬುದು ನೆನಪಾಯಿತು, ಕತ್ತಿನ ತೂತಿನಲ್ಲಿ ನೀರು ಹೋದರೆ ಅಪಾಯವಂತೆ, ಡೋರೀನ್ ಬರೆದಿದ್ದಳು. ದಡಕ್ಕೆ ಬಂದು ಟವೆಲ್ ಸುತ್ತಿಕೊಂಡು ಕೂತೆ. ಇವತ್ತೇ ಹೊರಡೋಣ ಎಂದು ಒರೆಸ್ಟ್‌ಗೆ ಹೇಳಬೇಕೆಂದು ಬಾಯಿಗೆ ಬಂತು. ಬಾಯಿಂದ ಹೊರಟದ್ದು ಮಾತ್ರ, "ನಿನ್ನ ಕುತ್ತಿಗೆಗೂ ಈ ನೀರು ಒಳ್ಳೇದು, ಇನ್ನೆರಡು ದಿನ ಇರೋಣ." ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವ ಗೋಡ್ರಿ ಎಂಬ ಹೆಂಗಸು ಪ್ರತಿ ಬೆಳಿಗ್ಗೆ ಬಾಡಿಗೆ ಕೇಳಲು ಬಂದು ನಗುತ್ತಿದ್ದಳು. ಐದನೇ ದಿನ, "ಅಲ್ರೀ, ಚುನಾವಣೆ ಹತ್ತಿರ ಬರ್ತಿದೆ, ಮತದಾರರ ಪಟ್ಟೀಲಿ ನಿಮ್ಮಿಬ್ಬರ ಹೆಸರೂ ಸೇರಿಸಿಬಿಡ್ಲಾ?" ಎಂದಳು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದಾಗ "ಬೆಟ್ಟ ನೋಡೋಕೆ" ಎಂದೆ. ಅಕ್ಕನನ್ನು ನೋಡೋಕೆ ಎಂದು ಹೇಳಲಿಲ್ಲ. ಒರೆಸ್ಟ್ ಪಕ್ಕದಲ್ಲೇ ಇದ್ದ. ಕೇಳಿಸಿಕೊಂಡ, ಬಾಡಿಗೆ ಎಣಿಸಿ ಕೊಟ್ಟ.

ಹೀಗೇ ಮುಂದೆ. ಕಿಂಡರ್ಸ್ಲಿಯಲ್ಲಿ ಗಾಳಿ ಜಾಸ್ತಿ ಎಂದು ಒಂದು ದಿನ. ಹ್ಯಾನಾದಲ್ಲಿ ಬಟ್ಟೆ ಒಗೆಯಬೇಕು ಎಂದು ಎರಡು ದಿನ. ಕ್ಯಾಲ್ಗರಿಯಲ್ಲಿ ಉತ್ಸವದ ಗದ್ದಲ, ಟ್ರೇಲರ್ ಎಳೆದುಕೊಂಡು ಆ ಟ್ರಾಫಿಕ್ಕಿನಲ್ಲಿ ನುಗ್ಗಬಾರದು ಎಂದು ಊರಿಗೆ ಮೊದಲೇ ಒಂದು ಹಳ್ಳಿಯಲ್ಲಿ ಮೂರು ದಿನ. ಎಲ್ಲ ಕಾರಣವೂ ನಿಜವೇ ಅಕ್ಕಾ, ಒಂದೂ ಸುಳ್ಳಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚುವುದು. ನಿಜವಾದ ಕಾರಣಗಳನ್ನೇ ಆರಿಸಿ ಆರಿಸಿ ಜೋಡಿಸಿದೆ. ನೆರಳು ಚೆನ್ನಾಗಿರುವ ಜಾಗ ಸಿಕ್ಕಿದರೆ, ನೋಡು ಒರೆಸ್ಟ್ ಎಂಥ ಜಾಗ, ಎಂದು ಸಂಭ್ರಮಪಡುತ್ತಿದ್ದೆ. ಬೆಳಿಗ್ಗೆ ಎದ್ದು ಟ್ರೇಲರನ್ನು ಟ್ರಕ್ಕಿಗೆ ಕೊಂಡಿ ಹಾಕುವ ಸದ್ದು ಕೇಳಿದರೆ ಇನ್ನೊಂದು ಲೋಟ ಕಾಫಿಗೆ ನೀರಿಡುತ್ತಿದ್ದೆ.

ಇನ್ನೊಂದು ವಿಷಯ. ನೀನು ನಮ್ಮ ಟ್ರೇಲರ್ ನಿಲ್ಲಿಸಲೆಂದು ಹಿತ್ತಲ ಬೇಲಿಯ ಒಂದು ಬದಿ ತೆಗೆಸಿದ್ದೀಯ, ಜಲ್ಲಿ ಹಾಕಿಸಿದ್ದೀಯ, ಕರೆಂಟಿಗೆ ಉದ್ದ ವೈರು ಕೂಡ ತಂದಿಟ್ಟಿದ್ದೀಯ. ಹಾಗೆ ಬರೆದಿದ್ದೆ. ನಾನು ಏನು ಮಾಡಿದೆ ಗೊತ್ತೇ? ನಿಮ್ಮ ಊರಿಂದಾಚೆ ನದಿ ದಂಡೆಯ ಕ್ಯಾಂಪ್‌ಗ್ರೌಂಡಿನಲ್ಲಿ ನಮಗೆ ಜಾಗ ಕಾದಿರಿಸಿದೆ. ನಿನಗೆ ತೊಂದರೆಯಾಗಬಾರದು ಎಂದು ಹೇಳುವುದಕ್ಕೆ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಹಗಲು ಬಂದು ನಿನ್ನ ಜೊತೆ ಕೂತು, ಸಂಜೆ ಎದ್ದು ನನ್ನ ಹಾಸಿಗೆಗೆ ಓಡಿಹೋಗುವ ಏರ್ಪಾಡು. ಒರೆಸ್ಟ್‌ಗೆ ಬೇಲಿಯ ವಿಷಯ ಹೇಳಲೇ ಇಲ್ಲ.

ನಿನ್ನೆ ಘಟ್ಟ ಇಳಿದು ಗೋಲ್ಡನ್‌ಗೆ ಬರುತ್ತಿದ್ದಾಗ ಟ್ರೇಲರಿನ ಬಲಗಾಲಿಯಿಂದ ಹೊಗೆ ಬಂತು. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಹೊಡೆದು ತೋರಿಸಿದ. ಒರೆಸ್ಟ್ ಹೇಗೋ ನಿಧಾನಕ್ಕೆ ತೆವಳಿಸಿಕೊಂಡು ಊರಿನ ಗ್ಯಾರೇಜಿಗೆ ತಂದ. ಗ್ಯಾರೇಜಿನವನು ಧಾಲೀವಾಲ್ ಎಂಬ ಸರ್ದಾರ್ಜಿ, ಇಲ್ಲೇ ಹುಟ್ಟಿ ಬೆಳೆದವನು, ಅವನ ತಾತ ಇಲ್ಲಿನ ಮರದ ಮಿಲ್ಲಿಗೆ ಬಂದವನಂತೆ. ಗಾಲಿ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಬೇರಿಂಗ್ ಸುಟ್ಟು ಆಕ್ಸಲ್ ಕೂಡ ಹಾಳಾಗಿತ್ತು. "ಸಾಮಾನು ಕ್ಯಾಲ್ಗರಿಯಿಂದ ಬರ್ಬೇಕಮ್ಮಾ. ಮುಂದಿನ ವಾರದ ತನಕ ಆಗೋಲ್ಲ. ನಿಮ್ಮ ಪ್ರವಾಸ ಕೆಟ್ಟುಹೋಯ್ತು" ಎಂದ, ತಾನೇ ತಪ್ಪು ಮಾಡಿದವನ ಹಾಗೆ. ನಾನು, "ಪರವಾಗಿಲ್ಲಪ್ಪಾ, ನಿಧಾನಕ್ಕೆ ಮಾಡು, ನಮಗೇನೂ ಅವಸರ ಇಲ್ಲ" ಎಂದೆ. ಅವನು ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿ ನಕ್ಕ. "ಇಷ್ಟು ಖುಷಿಯಾಗಿ ಈ ಸುದ್ದಿ ಕೇಳಿದ ಗಿರಾಕಿ ನೀವೇ ಮೊದಲು."

ಅವನು ತಮಾಷೆಗೆ ಅಂದದ್ದು. ಆದರೆ ನಾನು ತಿರುಗಿ ನೋಡಿದರೆ ಒರೆಸ್ಟ್ ನನ್ನನ್ನೇ ನೋಡುತ್ತಿದ್ದ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವನು ಅಪರಿಚಿತಳನ್ನು ನೋಡುವ ಹಾಗೆ ನೋಡುತ್ತಿದ್ದ.

ರಾತ್ರಿ ಮೋಟೆಲಿನಲ್ಲಿ ಮಲಗಿದೆವು. ಅವನು ಗೋಡೆ ಕಡೆ ತಿರುಗಿಕೊಂಡ. ಇವತ್ತು ಬೆಳಿಗ್ಗೆ ತಿಂಡಿ ಮುಗಿಸಿ ಈ ನದಿ ಪಕ್ಕ ಬಂದು ಕೂತೆವು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಟ್ರೇಲರ್ ರಿಪೇರಿ ಆಗೋ ತನಕ ಇಲ್ಲಿ ಯಾಕೆ ಕೂರೋದು, ದಕ್ಷಿಣಕ್ಕೆ ರೇಡಿಯಂ ಊರಿನಲ್ಲಿ ಬಿಸಿನೀರಿನ ಬುಗ್ಗೆ ಇದೆಯಂತೆ, ಒಳ್ಳೇ ಕೋಣೆಗಳೂ ಸಿಗ್ತವಂತೆ" ಎಂದೆ. ನಕ್ಷೆ ನೋಡಿದವರಿಗೆ ಗೊತ್ತು, ಇಲ್ಲಿಂದ ಒಂದು ರಸ್ತೆ ಪಶ್ಚಿಮಕ್ಕೆ ನಿನ್ನ ಕಡೆಗೆ, ಇನ್ನೊಂದು ದಕ್ಷಿಣಕ್ಕೆ, ನಿನ್ನಿಂದ ದೂರಕ್ಕೆ.

ಒರೆಸ್ಟ್ ನೀರಿನ ಕಡೆ ನೋಡುತ್ತಲೇ ಹೇಳಿದ, "ಟಿಲ್ಲಿ, ಗಾಲಿ ಸುಟ್ಟಿರೋದು ಟ್ರೇಲರ್‌ದು. ಟ್ರಕ್‌ದಲ್ಲ."

ನಾನು ನಕ್ಷೆಯನ್ನು ಮಡಚತೊಡಗಿದೆ.

"ಟ್ರಕ್ಕಲ್ಲಿ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ನೆಟ್ಟಿ ಮನೇಲಿರ್ತೀವಿ. ಅದು ನಿನಗೂ ಗೊತ್ತು. ನೀನು ಅಕ್ಕನ ಮನೆಗೆ ಹೋಗ್ತಾ ಇಲ್ಲ ಕಣೇ, ಅಕ್ಕನ ಮನೆಯಿಂದ ತಪ್ಪಿಸ್ಕೊಂಡು ಓಡಾಡ್ತಾ ಇದ್ದೀಯ. ಅದನ್ನೂ ನನ್ನ ಕುತ್ತಿಗೆ ಮೇಲೆ ಹಾಕಿ."

ನನ್ನ ಸಿಟ್ಟು ಎಲ್ಲಿಂದ ಬಂತೋ ತಿಳಿಯದು. ನಿನಗೇನು ಗೊತ್ತು ಅವಳ ಕಷ್ಟ, ಒಂದು ದಿನವಾದರೂ ಅವಳ ಬಗ್ಗೆ ಕೇಳಿದ್ದೀಯಾ ಎಂದು ಕೂಗಾಡಿದೆ. ಆಗ ಅವನು ಹೇಳಿದ ಮಾತು ನಿನಗೆ ಹೊಸದಲ್ಲ. ನನಗೆ ಮಾತ್ರ ಹೊಸದು. "ಪ್ರತಿ ಊರಿಂದ್ಲೂ ಅವಳಿಗೆ ಫೋನ್ ಮಾಡಿದ್ದೀನಿ" ಎಂದ. ಪೇಪರ್ ತರುತ್ತೇನೆ ಎಂದು ಸಂಜೆ ಹೋಗುತ್ತಿದ್ದನಲ್ಲ, ಅದು ಅದಕ್ಕೆ. ನಾಲ್ಕು ಮಾತು ಸೇರಿಸಿ ಆಡದ ಮನುಷ್ಯ, ಫೋನ್ ಡಬ್ಬಿಯಲ್ಲಿ ನಿಂತು ನಿನಗೆ ಬೆಳೆ ಹೇಗಿದೆ, ಎಲ್ಲಿ ಮಳೆ ಆಗಿದೆ, ಯಾವ ಊರಿನ ಗೋದಾಮು ಮುಚ್ಚಿದ್ದಾರೆ ಎಂದು ಹೇಳುತ್ತಿದ್ದನಂತೆ, ನೀನು ತಟ್ಟುತ್ತಿದ್ದೆಯಂತೆ. "ನಿನ್ನ ವಿಷಯ ಅವಳು ಹೆಂಗೆ ಕೇಳ್ತಾಳೆ ಗೊತ್ತಾ? ತಟ್ಟೋದು ನಿಲ್ಲಿಸಿಬಿಡ್ತಾಳೆ. ನಾನು ಏನೇ ಹೇಳಿದ್ರೂ ಸದ್ದಿರೋಲ್ಲ. ಆಗ ನಾನು, ಟಿಲ್ಲಿ ಚೆನ್ನಾಗಿದ್ದಾಳೆ, ಬರ್ತಾ ಇದ್ದಾಳೆ ಅಂತೀನಿ. ಆಮೇಲೆ ಒಂದ್ಸಲ ತಟ್ತಾಳೆ."

ಅಕ್ಕಾ, ನಾನು ಅಲ್ಲೇ ಅತ್ತೆ. ನಾಯಿ ಕರೆದುಕೊಂಡು ಹೋಗುತ್ತಿದ್ದವರು ದಾರಿ ಬದಲಿಸಿ ಹೋದರು. ಒರೆಸ್ಟ್ ತನ್ನ ಕರವಸ್ತ್ರ ಕೊಟ್ಟ, ಅದರಲ್ಲಿ ಗ್ರೀಸು ಮೆತ್ತಿತ್ತು, ಈಗ ನನ್ನ ಮೂಗಿನ ಮೇಲೂ ಮೆತ್ತಿದೆ. "ನಾನೂ ಕಡಿಮೆಯೇನಲ್ಲ" ಎಂದ ಅವನು, "ಆ ಉಪ್ಪು ನೀರು ನಿಜವಾಗ್ಲೂ ಚೆನ್ನಾಗಿತ್ತು. ಅಲ್ಲೇ ನಿನ್ನನ್ನ ಎಬ್ಬಿಸ್ಕೊಂಡು ಹೊರಡಬೇಕಿತ್ತು, ನಾನೂ ತೇಲ್ತಾ ಕೂತೆ."

ನಾನು ಹೆದರಿದ್ದು ಯಾವುದಕ್ಕೆ ಎಂದು ನಿನಗೆ ಹೇಳಲೇಬೇಕು. ಮೇ ತಿಂಗಳಲ್ಲಿ ನಿನಗೆ ಆಪರೇಷನ್ ಆದಾಗ ಆಲೂಗೆಡ್ಡೆ ನೆಡುವ ಕಾಲ ಎಂದು ಬರಲಿಲ್ಲವಲ್ಲ, ಅದೂ ಇದೇ ಹೆದರಿಕೆ. ನಿನ್ನ ಕತ್ತಿನ ಗಾಯ ನೋಡಲು ಹೆದರಿಕೆಯಲ್ಲ. ಹಸು ಕರು ಹಾಕುವುದನ್ನು, ಅಪ್ಪನ ಕಾಲಿನ ಹುಣ್ಣನ್ನು, ಎಲ್ಲವನ್ನೂ ನೋಡಿದ್ದೇನೆ. ನೀನು ಬಾಗಿಲು ತೆಗೆದು, ಬಾಯಿ ತೆರೆದು, ಏನೂ ಕೇಳಿಸದೆ ಹೋದರೆ ಆ ಹೊತ್ತಿನಲ್ಲಿ ಮಾತಾಡಬೇಕಾದವಳು ನಾನು. ಹುಟ್ಟಿದಂದಿನಿಂದ ನನ್ನ ಪಾಲಿನ ಮಾತನ್ನೂ ನೀನೇ ಆಡಿದ್ದೀಯ. ನಮ್ಮ ಒಂದೇ ಕೋಣೆಯ ಶಾಲೆಯಲ್ಲಿ ಟೀಚರು ನನ್ನ ಹೆಸರು ಕೇಳಿದರೆ ಹಿಂದಿನ ಬೆಂಚಿನಿಂದ ನೀನು ಹೇಳುತ್ತಿದ್ದೆ. ನನ್ನ ಮದುವೆಯ ದಿನ ಪಾದ್ರಿ ಒಪ್ಪಿಗೆ ಕೇಳಿದಾಗ ನಾನು ಹೂಂ ಎಂದದ್ದು ಯಾರಿಗೂ ಕೇಳಿಸದೆ, "ಒಪ್ಪಿದ್ದಾಳೆ ಸ್ವಾಮಿ, ಮುಂದಕ್ಕೆ ಹೋಗಿ" ಎಂದು ನೀನು ಕೂಗಿ ಇಡೀ ಚರ್ಚು ನಗಾಡಿತ್ತು. ನಿನ್ನ ವಾಲ್ಟರ್ ತೀರಿಕೊಂಡಾಗಲೂ ನಿನ್ನನ್ನು ಸಮಾಧಾನ ಮಾಡಲು ಬಂದ ನನ್ನನ್ನು ನೀನೇ ಸಮಾಧಾನ ಮಾಡಿ ಕಳಿಸಿದೆ. ಈಗ ನನ್ನ ಸರದಿ ಬಂದಿದೆ, ನನಗೆ ಅಭ್ಯಾಸವಿಲ್ಲ. ಏನು ಹೇಳಿದರೂ ಸುಳ್ಳೆನಿಸೀತು, ಏನೂ ಹೇಳದಿದ್ದರೆ ಕರುಣೆಯಿಂದ ನೋಡುತ್ತಿದ್ದಾಳೆ ಎನಿಸೀತು. ಅದಕ್ಕೇ ಕ್ಯಾಂಪ್‌ಗ್ರೌಂಡಿನಿಂದ ಕ್ಯಾಂಪ್‌ಗ್ರೌಂಡಿಗೆ ನೆರಳು ಹುಡುಕುತ್ತ ಬಂದೆ. ನೀನು ಒಬ್ಬಳೇ ಆ ಮನೆಯಲ್ಲಿ, ಪ್ರತಿ ಟ್ರಕ್ಕಿನ ಸದ್ದಿಗೂ ಕಿಟಕಿಗೆ ಬಂದಿರಬೇಕು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒರೆಸ್ಟ್ ಟ್ರಕ್ಕಿಗೆ ಪೆಟ್ರೋಲ್ ಹಾಕಿಸಲು, ಟ್ರೇಲರಿನಿಂದ ನಮ್ಮ ಬಟ್ಟೆಬರೆ ತೆಗೆದುಕೊಳ್ಳಲು ಗ್ಯಾರೇಜಿಗೆ ಹೋಗಿದ್ದಾನೆ. ಅವನು ಬಂದ ಕೂಡಲೇ ಹೊರಡುತ್ತೇವೆ, ಮಧ್ಯದಲ್ಲಿ ಎಲ್ಲೂ ನಿಲ್ಲುವುದಿಲ್ಲ. ಕಾದಿರಿಸಿದ್ದ ನದಿ ದಂಡೆಯ ಜಾಗ ಬೇಡವೆಂದು ಈಗಷ್ಟೇ ಫೋನ್ ಮಾಡಿ ಹೇಳಿ ಬಂದೆ. ಈ ಕಾಗದ ನಮಗಿಂತ ಎರಡು ದಿನ ತಡವಾಗಿ ನಿನ್ನ ಕೈ ಸೇರುತ್ತದೆ. ಆಗ ನಾನು ನಿನ್ನ ಅಡುಗೆಮನೆಯಲ್ಲೇ ಎಲ್ಲೋ ಈರುಳ್ಳಿ ಹೆಚ್ಚುತ್ತಿರುತ್ತೇನೆ. ಹಾಗಿದ್ದರೆ ಅಂಚೆಗೆ ಯಾಕೆ ಹಾಕಬೇಕು ಎಂದು ಒರೆಸ್ಟ್ ಕೇಳಿದ. ಎದುರಿಗೆ ನಿಂತರೆ ನಾನು ಇದರಲ್ಲಿ ಒಂದು ಮಾತನ್ನೂ ಹೇಳುವವಳಲ್ಲ, ಜೇಬಿನಲ್ಲಿ ಇಟ್ಟುಕೊಂಡು ಬಂದರೆ ಒಲೆಗೆ ಹಾಕಿಬಿಡುತ್ತೇನೆ. ಅಂಚೆ ಡಬ್ಬಿಗೆ ಹಾಕಿದ ಮೇಲೆ ನನ್ನ ಕೈಯಲ್ಲಿ ಇರುವುದಿಲ್ಲ. ಓದುವಾಗ ನನ್ನ ಕಡೆ ನೋಡಬೇಡ, ಅಷ್ಟು ಮಾಡು. ಓದಿ ಮುಗಿಸಿದ ಮೇಲೆ ಬೈಯುವುದಿದ್ದರೆ ಬರೆದು ಬೈಯಿ, ದೊಡ್ಡ ಅಕ್ಷರದಲ್ಲಿ ಬರೆ, ನನ್ನ ಕನ್ನಡಕ ಹಳೆಯದು.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಡೋರೀನ್‌ಗೆ ನಮ್ಮಿಬ್ಬರ ನೆನಪು ಹೇಳು, ಬೋರ್ಷ್ ಸುದ್ದಿ ಅವಳಿಗೆ ಬೇಡ.

ನಿನ್ನ ತಂಗಿ,
ಟಿಲ್ಲಿ

ಮರೆತಿದ್ದೆ: ಒರೆಸ್ಟ್ ಬಂದ, ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಜೂನ್ ಕಾಗದದ ಕೊನೆಯಲ್ಲಿ, ಜುಲೈ ಕೊನೆಯಿಂದ ಆರು ವಾರ ವ್ಯಾಂಕೂವರ್‌ನಲ್ಲಿ ಕತ್ತಿಗೆ ಕರೆಂಟು ಕೊಡುವ ರೇಡಿಯೇಷನ್ ಚಿಕಿತ್ಸೆ, ಅಲ್ಲಿ ರೋಗಿಯ ಜೊತೆಗೆ ಒಬ್ಬರು ಉಳಿಯಬಹುದಂತೆ ಎಂದು ಬರೆದಿದ್ದೆ. ಯಾರು ಎಂದು ನೀನು ಬರೆಯಲಿಲ್ಲ, ನಾನೂ ಓದಿಯೇ ಇಲ್ಲ ಎನ್ನುವ ಹಾಗೆ ಬಿಟ್ಟುಬಿಟ್ಟೆ. ಡೋರೀನ್‌ಗೆ ಹೇಳಿದ್ದರೆ ಬೇಡ ಎಂದುಬಿಡು. ನಾನು ಬರುತ್ತೇನೆ. ಟ್ರೇಲರ್ ರಿಪೇರಿಯಾದ ಮೇಲೆ ಒರೆಸ್ಟ್ ಒಬ್ಬನೇ ಅದನ್ನು ಎಳೆದುಕೊಂಡು ಊರಿಗೆ ಹೋಗುತ್ತಾನೆ. ಅವನನ್ನು ಕೇಳಿದ್ದೇನೆ, ಹೂಂ ಎಂದಿದ್ದಾನೆ.